ಗಾರ್ಮೆಂಟ್ಸ್ ಕಥೆಯ ಸಿನಿಮಾ ನೋಡಿ ಅಮ್ಮ ಕೇಳಿದ್ದು: "ಇವಳಿಗೆ ಒಬ್ಬಳೂ ಗೆಳತಿ ಇಲ್ವಾ?"

ಲಗ್ಗೆರೆ_ಹುಡುಗ
ಹೋದ ಶನಿವಾರ ಅಮ್ಮನನ್ನ ಒಂದು ಸಿನಿಮಾಗೆ ಕರ್ಕೊಂಡು ಹೋಗಿದ್ದೆ. ಥಿಯೇಟರ್ ಅಲ್ಲ, ಒಂದು ಸಭಾಂಗಣದಲ್ಲಿ ಪ್ರದರ್ಶನ ಇತ್ತು. ಚಿಕ್ಕ ತಂಡ, ಕೈಯಿಂದ ದುಡ್ಡು ಹಾಕಿ ಮಾಡಿದ ಮೊದಲ ಸಿನಿಮಾ. ಅವರ ಕಷ್ಟ ಗೊತ್ತಿರೋದರಿಂದ ಹೆಸರು ಬರೆಯೋದಿಲ್ಲ. ಗಾರ್ಮೆಂಟ್ಸ್‌ಗೆ ಹೋಗೋ ಒಬ್ಬ ಹೆಂಗಸಿನ ಕಥೆ. ಗಂಡ ಕುಡೀತಾನೆ, ಮೂರು ತಿಂಗಳ ಬಾಡಿಗೆ ಬಾಕಿ, ಮಗುವಿಗೆ ಜ್ವರ, ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಬೈಗುಳ. ಸುಮಾರು ಎರಡು ಗಂಟೆ. ಮುಗಿದಾಗ ಹಾಲ್‌ನಲ್ಲಿ ಪಿನ್ ಬಿದ್ದರೂ ಕೇಳಿಸೋ ಹಾಗಿತ್ತು. ನನಗೂ ಗಂಟಲು ಕಟ್ಟಿತ್ತು.

ಅಮ್ಮ 22 ವರ್ಷ ಗಾರ್ಮೆಂಟ್ಸ್‌ನಲ್ಲಿ ದುಡಿದವರು. ಹೆಲ್ಪರ್ ಆಗಿ ಸೇರಿ ಟೈಲರ್ ಆದವರು. ಕಾಲರ್ ಕೂರಿಸೋದರಲ್ಲಿ ಅವರ ಲೈನಲ್ಲೇ ಅವರ ಕೈ ಮುಂದು. ಸಿನಿಮಾ ಮುಗಿದ ಮೇಲೆ ಎಲ್ಲರೂ ಎದ್ದು ನಿಂತು ಅಭಿಪ್ರಾಯ ಹೇಳ್ತಿದ್ದರು, ಅಮ್ಮ ಸುಮ್ಮನೆ ಸೆರಗು ಸರಿಮಾಡ್ಕೊಂಡು ಕೂತಿದ್ರು. ಬಸ್ ಹತ್ತಿ ಸೀಟು ಸಿಕ್ಕಿದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಅಲ್ವೋ, ಇವಳಿಗೆ ಒಬ್ಬಳೂ ಗೆಳತಿ ಇಲ್ವಾ?"

ಆಮೇಲೆ ಮನೆ ಮುಟ್ಟೋವರೆಗೂ ಅದೇ ಮಾತು. "ಒಂದು ಲೈನಲ್ಲಿ ಐವತ್ತು ಅರವತ್ತು ಜನ ಇರ್ತೀವಿ. ಮುಂದಿನವಳ ಕೈಯಿಂದ ಪೀಸ್ ಬಂದ್ರೆ ತಾನೆ ನಾನು ಹೊಲಿಯೋದು? ನಾನು ಕೊಟ್ರೆ ತಾನೆ ಹಿಂದಿನವಳು ಹೊಲಿಯೋದು? ಅಲ್ಲಿ ಒಬ್ಬಳೇ ಇರ್ತೀನಿ ಅಂದ್ರೂ ಆಗಲ್ಲ. ಇವಳು ಊಟಕ್ಕೂ ಒಬ್ಬಳೇ ಕೂತ್ಕೋತಾಳೆ. ಮಗುಗೆ ಜ್ವರ ಅಂದ್ರೆ ಯಾರೂ ಕೇಳಲ್ಲ. ನಮ್ಮಲ್ಲಾದ್ರೆ ಅಷ್ಟೊತ್ತಿಗೆ ಮೂರು ಜನ ದುಡ್ಡು ತೆಗೆದು ಕೊಟ್ಟಿರ್ತಿದ್ರು, ನಾಲ್ಕನೆಯವಳು ಬೈದಿರ್ತಿದ್ಲು."

ಅವತ್ತಿಂದ ನನ್ನ ತಲೆಯಲ್ಲಿ ಇದೇ ಓಡ್ತಿದೆ. ದುಡಿಯೋರ ಕಥೆ ಹೇಳೋ ಚಿಕ್ಕ ಸಿನಿಮಾಗಳಲ್ಲಿ ದುಡಿಯೋರು ಯಾಕೆ ಯಾವಾಗಲೂ ಒಂಟಿ? ಹಾಗಲ್ಲದ ಸಿನಿಮಾ ಇದ್ದರೆ ಹೇಳಿ, ಅಮ್ಮನಿಗೆ ತೋರಿಸಬೇಕು.

ಎರಡನೇ_ಶಿಫ್ಟ್
ನಿಮ್ಮ ಅಮ್ಮನ ಕಾಲಿಗೆ ನಮಸ್ಕಾರ ತಮ್ಮ. ನಾನೂ ಬೊಮ್ಮನಹಳ್ಳಿ ಕಡೆ ಒಂಬತ್ತು ವರ್ಷ ಹೋದವಳು. ನಾಲ್ಕನೆಯವಳು ಬೈದಿರ್ತಿದ್ಲು ಅಂದ್ರಲ್ಲ, ನಮ್ಮ ಲೈನಲ್ಲಿ ಆ ನಾಲ್ಕನೆಯವಳು ನಾನೇ.

ಕಾಫಿ_ಕಪ್ಪು
ಪ್ರಶ್ನೆ ಚೆನ್ನಾಗಿದೆ, ಆದರೆ ಪೂರ್ತಿ ಒಪ್ಪೋದಿಲ್ಲ. ಕಷ್ಟ ಮನುಷ್ಯನನ್ನ ಒಂಟಿ ಮಾಡೋದೂ ನಿಜವೇ. ಸಾಲ ಇರೋನು ಓಣಿಯಲ್ಲಿ ತಲೆ ತಗ್ಗಿಸಿ ಓಡಾಡ್ತಾನೆ. ನಿರ್ದೇಶಕರಿಗೆ ಹೇಳಬೇಕಾಗಿದ್ದು ಆ ಒಂಟಿತನವೇ ಇರಬಹುದು. ಎಲ್ಲ ಸಿನಿಮಾವೂ ಎಲ್ಲವನ್ನೂ ತೋರಿಸಬೇಕು ಅನ್ನೋದು ಸರಿಯಲ್ಲ.

ಆದರೆ ನಿಮಗೆ ಬೇಕಾದಂಥ ಸಿನಿಮಾ ಇದೆ. ಬೆಲ್ಜಿಯಂನ ದಾರ್ದೆನ್ ಸಹೋದರರು 2014ರಲ್ಲಿ ಮಾಡಿದ "ಟೂ ಡೇಸ್, ಒನ್ ನೈಟ್". ಸೋಲಾರ್ ಪ್ಯಾನೆಲ್ ಮಾಡೋ ಚಿಕ್ಕ ಫ್ಯಾಕ್ಟರಿ. ಒಬ್ಬ ಹೆಂಗಸಿನ ಕೆಲಸ ಉಳೀಬೇಕಾದರೆ ಉಳಿದ 16 ಜನ ತಮ್ಮ ತಮ್ಮ 1000 ಯೂರೋ ಬೋನಸ್ ಬಿಡಬೇಕು. ಶನಿವಾರ ಭಾನುವಾರ ಎರಡು ದಿನ ಅವಳು ಒಬ್ಬೊಬ್ಬರ ಮನೆ ಬಾಗಿಲು ತಟ್ಟಿ "ನನ್ನ ಪರವಾಗಿ ವೋಟ್ ಹಾಕ್ತೀಯಾ" ಅಂತ ಕೇಳೋದೇ ಕಥೆ. ಕೆಟ್ಟವರು ಯಾರೂ ಇಲ್ಲ. ಬೋನಸ್ ಬೇಕು ಅನ್ನೋನ ಮನೆಯಲ್ಲೂ ಕಷ್ಟ ಇದೆ. ಅಮ್ಮನಿಗೆ ಇದು ತೋರಿಸಿ.

ಲಗ್ಗೆರೆ_ಹುಡುಗ
@ಕಾಫಿ_ಕಪ್ಪು ಕಥೆ ಕೇಳಿದಾಗಲೇ ಮೈ ಜುಂ ಅಂತು. ಆದರೆ ಫ್ರೆಂಚ್ ಮಾತು, ಇಂಗ್ಲಿಷ್ ಸಬ್‌ಟೈಟಲ್. ಅಮ್ಮ ಕನ್ನಡ ಓದೋದೇ ನಿಧಾನ.

ಕಾಫಿ_ಕಪ್ಪು
ಪಕ್ಕದಲ್ಲಿ ಕೂತು ನೀವು ಹೇಳ್ತಾ ಹೋಗಿ. ನನ್ನ ಅಜ್ಜಿಗೆ ನಾನು ಹಾಗೇ ತೋರಿಸಿದ್ದು.

ಬೂಮ್_ಹಿಡಿದವ
ಚಿಕ್ಕ ಬಜೆಟ್ ಸಿನಿಮಾಗಳಲ್ಲಿ ಸೌಂಡ್ ವಿಭಾಗದಲ್ಲಿ ಕೆಲಸ ಮಾಡ್ತೀನಿ, ಬೂಮ್ ಅಂದ್ರೆ ಉದ್ದ ಕೋಲಿನ ಮೈಕ್ ಹಿಡಿಯೋದು. ಒಳಗಿನ ಸಂಗತಿ ಹೇಳ್ತೀನಿ, ಕೇಳಿ. ಆ ಹೆಂಗಸು ಒಂಟಿಯಾಗೋಕೆ ಅರ್ಧ ಕಾರಣ ದುಡ್ಡು.

ಗಾರ್ಮೆಂಟ್ಸ್ ಫ್ಯಾಕ್ಟರಿ ಒಳಗೆ ಶೂಟಿಂಗ್‌ಗೆ ಯಾರೂ ಬಿಡೋದಿಲ್ಲ. ಅದರಲ್ಲೂ ಸೂಪರ್‌ವೈಸರ್ ಬೈಯ್ಯೋ ಕಥೆ ಅಂದ್ರೆ ಗೇಟಿನಿಂದಲೇ ವಾಪಸ್. ಹಾಗಾಗಿ ಒಂದು ಹಳೇ ಶೆಡ್ ಬಾಡಿಗೆಗೆ ಹಿಡೀಬೇಕು. ಮಶೀನು ತರಬೇಕು. ಅರವತ್ತು ಮಶೀನು ತಂದ್ರೆ ಅರವತ್ತು ಜನ ಕೂರಿಸಬೇಕು, ಅವರಿಗೆ ಬ್ಯಾಟಾ, ಊಟ, ಗಾಡಿ. ತಂಡದ ಹತ್ರ ಇರೋದು ಹತ್ತು ಮಶೀನಿನ ದುಡ್ಡು. ಆಗ ಕ್ಯಾಮೆರಾದವರು ಏನು ಮಾಡ್ತಾರೆ? ಹೀರೋಯಿನ್ ಮುಖಕ್ಕೆ ಹತ್ತಿರ ಹೋಗ್ತಾರೆ. ಹಿಂದಿರೋದೆಲ್ಲ ಮಸುಕು. ನೋಡೋರಿಗೆ ಅದು ಒಂಟಿತನದ ಹಾಗೆ ಕಾಣುತ್ತೆ.

ಇನ್ನೊಂದು ಶಬ್ದ. ಹತ್ತು ಮಶೀನು ಓಡ್ತಿದ್ದರೆ ಲೈವ್‌ನಲ್ಲಿ ಇಬ್ಬರ ಮಾತು ಹಿಡಿಯೋದು ನರಕ. ಡಬ್ಬಿಂಗ್‌ಗೆ ಮತ್ತೆ ದುಡ್ಡು. ಅದಕ್ಕೇ ಫ್ಯಾಕ್ಟರಿ ಸೀನ್‌ನಲ್ಲಿ ಯಾರೂ ಮಾತಾಡಲ್ಲ, ಮಶೀನಿನ ಸದ್ದು ಮಾತ್ರ. ವಿಮರ್ಶೆಯಲ್ಲಿ "ಮೌನ ಮಾತಾಡುತ್ತದೆ" ಅಂತ ಬರೀತಾರೆ. ಆ ಮೌನ ನನಗೆ ಗೊತ್ತು, ಅದು ಬಜೆಟ್ ಶೀಟಿನಲ್ಲಿ ಶುರುವಾಗಿದ್ದು.

ಎರಡನೇ_ಶಿಫ್ಟ್
ಗೆಳತಿಗೆ ದುಡ್ಡು ಬೇಕಾ ಅಣ್ಣ? ಇಬ್ಬರು ಊಟದ ಡಬ್ಬಿ ಮುಂದಿಟ್ಕೊಂಡು ಕೂತರೆ ಸಾಕಲ್ವಾ? ಊಟದ ಹಾಲ್‌ನಲ್ಲಿ ಮಶೀನಿನ ಸದ್ದೂ ಇರಲ್ಲ.

ಬೂಮ್_ಹಿಡಿದವ
@ಎರಡನೇ_ಶಿಫ್ಟ್ ಅಕ್ಕ, ಸರಿಯಾದ ಜಾಗಕ್ಕೆ ಹೊಡೆದ್ರಿ. ಸಾಕು. ಆದ್ರೆ ಆ ಇಬ್ಬರು ಏನು ಮಾತಾಡ್ತಾರೆ ಅಂತ ಬರೆಯೋಕೆ ಗೊತ್ತಿರಬೇಕು. ನಾನು ಕೆಲಸ ಮಾಡಿದ ತಂಡಗಳಲ್ಲಿ ಬರೆಯೋರು ಯಾರೂ ಆ ಊಟದ ಹಾಲ್‌ನಲ್ಲಿ ಕೂತವರಲ್ಲ. ಬೈಗುಳ ಗೊತ್ತು, ಸಂಬಳ ಗೊತ್ತು, ಪೇಪರ್‌ನಲ್ಲಿ ಓದಿರ್ತಾರೆ. ಊಟದ ಹೊತ್ತಿನ ಮಾತು ಪೇಪರ್‌ನಲ್ಲಿ ಬರಲ್ಲ.

ಎರಡನೇ_ಶಿಫ್ಟ್
ಬರೆದುಕೊಳ್ಳಿ ಹಾಗಾದ್ರೆ. ಅರ್ಧ ಗಂಟೆ ಊಟ. ಅದರಲ್ಲಿ ಹತ್ತು ನಿಮಿಷ ಕೈ ತೊಳೆಯೋ ಸಾಲಲ್ಲೇ ಹೋಗುತ್ತೆ. ಉಳಿದದ್ದರಲ್ಲಿ ಮಾತು: ಚೀಟಿ ಈ ತಿಂಗಳು ಯಾರು ಎತ್ತೋದು. ಸಂಘದ ಕಂತು ಯಾರು ಕಟ್ಟಿಲ್ಲ. ರಾತ್ರಿ ಸೀರಿಯಲ್‌ನಲ್ಲಿ ಅತ್ತೆ ಏನ್ಮಾಡಿದ್ಲು. ಯಾರ ಮಗಳು ಪಿಯುಸಿಯಲ್ಲಿ ಎಷ್ಟು ತಗೊಂಡ್ಲು. ಡಬ್ಬಿಗಳು ಒಂದರಿಂದ ಒಂದಕ್ಕೆ ಓಡಾಡ್ತಾನೇ ಇರ್ತವೆ. ನಮ್ಮಲ್ಲೊಬ್ಬಳು ಕೋಲಾರದ ಕಡೆಯವಳು, ಅವಳ ಉಪ್ಸಾರಿಗೆ ಜಗಳ ಆಗ್ತಿತ್ತು.

ಒಬ್ಬಳು ಏಳು ತಿಂಗಳ ಬಸುರಿ ಇದ್ಲು, ಟಾರ್ಗೆಟ್ ಮುಟ್ಟೋಕೆ ಆಗ್ತಿರಲಿಲ್ಲ. ಬೇರೆ ಲೈನಿಗೆ ಹಾಕಿದ್ರೆ ಕೆಲಸ ಬಿಡ್ತಾಳೆ ಅಂತ ಗೊತ್ತಿತ್ತು. ನಾವು ನಾಲ್ಕು ಜನ ಗಂಟೆಗೆ ಎರಡೆರಡು ಪೀಸ್ ಅವಳದ್ದು ಮಾಡಿ ಕೊಡ್ತಿದ್ವಿ. ಯಾರೂ ಯಾರಿಗೂ ಹೇಳಿರಲಿಲ್ಲ, ಹಾಗೇ ಶುರುವಾಯ್ತು. ಸೂಪರ್‌ವೈಸರ್‌ಗೆ ಗೊತ್ತಾಯ್ತು, ಕೂಗಾಡಿದ. ಆದ್ರೆ ಅವನ ಹೆಂಡತಿಗೂ ಅದೇ ವರ್ಷ ಹೆರಿಗೆ, ಆಮೇಲೆ ನೋಡಿಯೂ ನೋಡದ ಹಾಗೆ ಹೋಗ್ತಿದ್ದ. ಇದನ್ನ ಸಿನಿಮಾ ಮಾಡಿ.

ಮದ್ದೂರು_ವಡೆ
ಈ ಕಾಮೆಂಟ್ ಓದಿ ನಮ್ಮನೆಯೋರಿಗೂ ಓದಿ ಹೇಳಿದೆ.

ಪಿಚ್ಚರ್_ಪ್ರೇಮಿ
ನನಗೆ ಅನಿಸೋದು ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ವಾರವೆಲ್ಲ ದುಡಿದು ಬಂದವರಿಗೆ ಮತ್ತೆ ಅದೇ ದುಡಿಮೆ ಯಾಕೆ ತೋರಿಸಬೇಕು? ನಮ್ಮಪ್ಪ ಲಾರಿ ಕ್ಲೀನರ್ ಆಗಿದ್ದವರು. ಅಣ್ಣಾವ್ರ ಸಿನಿಮಾ ಬಿಟ್ಟು ಬೇರೆ ನೋಡ್ತಿರಲಿಲ್ಲ. ಮೂರು ಗಂಟೆ ರಾಜನ ಹಾಗೆ ಕೂತು ಬರ್ತಿದ್ದರು. ಅದು ಅವರ ಹಕ್ಕು.

ಕಾಫಿ_ಕಪ್ಪು
ಹಕ್ಕು ಯಾರೂ ಕಿತ್ಕೊಳ್ತಿಲ್ಲ. ಆದರೆ ಈ ಥ್ರೆಡ್ ಶುರು ಮಾಡಿದ ಹುಡುಗನ ಅಮ್ಮ "ನನ್ನ ಕೆಲಸ ತೋರಿಸಬೇಡಿ" ಅನ್ನಲಿಲ್ಲ. "ಸರಿಯಾಗಿ ತೋರಿಸಿ" ಅಂದ್ರು. ಎರಡಕ್ಕೂ ವ್ಯತ್ಯಾಸ ಇದೆ.

ಸಿಂಧನೂರ_ಮಂದಿ
ನಾವು ಗುಳೇ ಹೋಗೋ ಮಂದಿ ರೀ. ಮಳಿ ಕೈಕೊಟ್ರ ಬೆಂಗಳೂರಿಗೆ ದುಡಿಯಾಕ. ಒಬ್ಬಾವ ಹೋಗಂಗಿಲ್ಲ, ಅರ್ಧ ಓಣಿನೇ ಹೊಂಟು ಬಿಡ್ತದ. ನಿಮ್ಮ ಕಡೆ ಗಾರೆ ಮೇಸ್ತ್ರಿ ಅಂತೀರಿ, ನಮ್ಮ ಕಡೆ ಗೌಂಡಿ. ಒಬ್ಬ ಗೌಂಡಿ ಹೋದ್ನಂದ್ರ ಅವನ ಹಿಂದ ಹತ್ತು ಮಂದಿ. ಶೆಡ್ಡಿನ್ಯಾಗ ಅಡಗಿ ಒಂದ ಕಡೆ, ಸಣ್ಣ ಹುಡುಗರ್ನ ನೋಡ್ಕೊಳಾಕ ಒಬ್ಬ ಮುದುಕಿ. ಶನಿವಾರ ಬಟವಾಡಿ ಆದ ಮ್ಯಾಲ ರಾತ್ರಿ ಭಜನಿ.

ನಮ್ಮ ರಾಯಚೂರು ಸೀಮಿಯ ಉತ್ಸವ್ ಗೋನವಾರ ಮಾಡಿದ "ಫೋಟೋ" ನೋಡೀರೇನು? 2024ರ ಮಾರ್ಚ್‌ನ್ಯಾಗ ಬಿಡುಗಡೆ ಆತು, ಪ್ರಕಾಶ್ ರಾಜ್ ಅರ್ಪಿಸಿದ್ರು. ವಿಧಾನಸೌಧದ ಮುಂದ ನಿಂತು ಫೋಟೋ ತೆಗಿಸ್ಕೋಬೇಕಂತ ಒಬ್ಬ ಹುಡುಗಗ ಆಸೆ. ಬೆಂಗಳೂರಾಗ ದುಡಿಯೋ ಅಪ್ಪನ ಹತ್ರ ಬರ್ತಾನ, ಅಷ್ಟರಾಗ ಲಾಕ್‌ಡೌನ್. ನಡಕೊಂಡು ಊರಿಗೆ. ಸಿನಿಮಾದಾಗಿನ ಮಾತು ಪೂರಾ ನಮ್ಮ ಮಾತು, ಅದು ಕೇಳಿ ನಮ್ಮವ್ವ "ಇವ್ರು ನಮ್ಮೋರ" ಅಂದ್ಲು. ದುಃಖದ ಸಿನಿಮಾ ಹೌದು. ಆದ್ರ ಆ ಹುಡುಗನ ಆಸೆ ಐತಲ್ಲ, ಅದು ಅಳೋ ಸಿನಿಮಾದ ಆಸೆ ಅಲ್ಲ. ಬಡವ್ರ ಮನಿ ಹುಡುಗಗ ಅನ್ನ ಮಾತ್ರ ಬೇಕಾಗಿರ್ತದ ಅಂತ ತಿಳಕೊಂಡೋರಿಗೆ ಆ ಫೋಟೋದ ಆಸೆ ತಿಳಿಯಂಗಿಲ್ಲ.

ಡೆಲಿವರಿ_ಅಣ್ಣ
ಲಾಕ್‌ಡೌನ್ ಅಂದ್ರೆ ನನಗೆ ಈಗಲೂ ಹೊಟ್ಟೆ ತೊಳಸುತ್ತೆ. 2020ರ ಮಾರ್ಚ್ 24, ರಾತ್ರಿ ಎಂಟಕ್ಕೆ ಟಿವಿಯಲ್ಲಿ ಹೇಳಿದ್ದು, ಹನ್ನೆರಡರಿಂದ ಬಂದ್. ನಾಲ್ಕು ಗಂಟೆ ಟೈಮ್.

ಸಿಂಧನೂರ_ಮಂದಿ
@ಡೆಲಿವರಿ_ಅಣ್ಣ ಅದಕ್ಕಿಂತ ನಮ್ಮ ಮಂದಿಗೆ ಹೆಚ್ಚು ಸಿಟ್ಟು ಬಂದಿದ್ದು ಮೇ ತಿಂಗಳದ ಮೊದಲ ವಾರ. ಕಾರ್ಮಿಕರ ರೈಲು ಶುರು ಆಗಿದ್ವು. ಮುಖ್ಯಮಂತ್ರಿ ಬಿಲ್ಡರ್‌ಗಳ ಜೋಡಿ ಮೀಟಿಂಗ್ ಮಾಡಿದ್ರು, ರೈಲು ಬ್ಯಾಡ ಅಂತ ರಾಜ್ಯ ಸರ್ಕಾರ ರೈಲ್ವೆಗೆ ಪತ್ರ ಬರೀತು. ಬಿಹಾರ, ಉತ್ತರ ಪ್ರದೇಶದ ಮಂದಿ ಶೆಡ್ಡಿನ್ಯಾಗ ಕುಂತು ಬಿಟ್ರು. ದೇಶ ಎಲ್ಲ ಛೀ ಅಂದ ಮ್ಯಾಲ ಎರಡು ಮೂರು ದಿನದಾಗ ಮತ್ತ ಬಿಟ್ರು. ಆ ಎರಡು ಮೂರು ದಿನದ ಮ್ಯಾಲ ಒಂದು ಸಿನಿಮಾ ಆಗಬೇಕು ನೋಡ್ರಿ. ಕ್ಯಾಮೆರಾ ಮೀಟಿಂಗಿನ ಒಳಗೂ ಹೋಗಬೇಕು, ಶೆಡ್ಡಿನ ಒಳಗೂ ಹೋಗಬೇಕು. ಬರೇ ನಡೆಯೋ ಕಾಲು ತೋರಿಸಿದ್ರ ನಡೆಸಿದವ್ರು ಯಾರಂತ ಗೊತ್ತಾಗಂಗಿಲ್ಲ.

ಕಾಫಿ_ಕಪ್ಪು
ಕೊನೇ ಸಾಲಿಗೆ ಎದ್ದು ನಿಂತು ಚಪ್ಪಾಳೆ.

ಟೈನ್_ದಂಡೆ
ಇಂಗ್ಲೆಂಡಿನ ನ್ಯೂಕ್ಯಾಸಲ್‌ನಿಂದ ಬರೀತಿದೀನಿ, ಊರು ತೀರ್ಥಹಳ್ಳಿ. ಇಲ್ಲಿನ ನಿರ್ದೇಶಕ ಕೆನ್ ಲೋಚ್ ಹೆಸರು ಇನ್ನೂ ಯಾರೂ ಎತ್ತಲಿಲ್ಲ ಅಂತ ಕಾಯ್ತಿದ್ದೆ. ಅವರ "ಐ, ಡೇನಿಯಲ್ ಬ್ಲೇಕ್" ತೆಗೆದಿದ್ದು ಇದೇ ಊರಲ್ಲಿ. 2016ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಅತಿ ದೊಡ್ಡ ಪ್ರಶಸ್ತಿ ಬಂತು. ಹೃದಯದ ತೊಂದರೆಯಿಂದ ಕೆಲಸಕ್ಕೆ ಹೋಗಲಾಗದ ಒಬ್ಬ ಬಡಗಿ, ಸರ್ಕಾರದ ಭತ್ಯೆಗಾಗಿ ಅಲೆದಾಡೋ ಕಥೆ. ಆ ಬಡಗಿಯ ಪಾತ್ರಕ್ಕೆ ಅವರು ಆರಿಸಿದ್ದು ಡೇವ್ ಜಾನ್ಸ್ ಅನ್ನೋ ಹಾಸ್ಯಗಾರನನ್ನ, ವೇದಿಕೆ ಮೇಲೆ ಜನರನ್ನ ನಗಿಸೋದೇ ಕೆಲಸ ಆಗಿದ್ದವರು. ಅದಕ್ಕೇ ಆ ಮನುಷ್ಯ ಎಷ್ಟು ಸೋತರೂ ಬಾಯಲ್ಲಿ ಒಂದು ಮಾತು ರೆಡಿ ಇರುತ್ತೆ. ಪಕ್ಕದ ಮನೆ ಹುಡುಗ, ಇಬ್ಬರು ಮಕ್ಕಳ ತಾಯಿ, ಎಲ್ಲರೂ ಅವನಿಗೆ ಅಂಟಿಕೊಂಡಿರ್ತಾರೆ.

ಫುಡ್‌ಬ್ಯಾಂಕ್ ಸೀನ್ ಒಂದಿದೆ, ಕಷ್ಟದಲ್ಲಿರೋರಿಗೆ ಪುಕ್ಕಟೆ ದಿನಸಿ ಕೊಡೋ ಜಾಗ ಅದು. ಹಸಿವು ತಡೆಯಲಾರದೆ ಆ ತಾಯಿ ಡಬ್ಬ ಅಲ್ಲೇ ತೆರೆದು ಕೈಯಿಂದ ಬಾಯಿಗೆ ಹಾಕ್ಕೋತಾಳೆ. ಆಮೇಲೆ ನಾಚಿಕೆಯಿಂದ ಅಳ್ತಾಳೆ. ಸುತ್ತ ಇರೋರು ಓಡಿ ಬಂದು ಕೂರಿಸಿ ಸಮಾಧಾನ ಮಾಡ್ತಾರೆ. ನಾನು ಇಲ್ಲಿ ಒಂದು ಫುಡ್‌ಬ್ಯಾಂಕ್‌ನಲ್ಲಿ ವಾರಕ್ಕೊಮ್ಮೆ ಕೆಲಸ ಮಾಡ್ತೀನಿ. ಅಲ್ಲಿ ಬರೋರ ಮುಖ ನೋಡೋದನ್ನ ಆ ಸೀನ್ ನನಗೆ ಕಲಿಸಿತು.

ಲಗ್ಗೆರೆ_ಹುಡುಗನಿಗೆ ಸರಿಹೊಂದೋದು ಲೋಚ್ ಅವರದೇ 1991ರ "ರಿಫ್ ರಾಫ್". ಲಂಡನ್‌ನಲ್ಲಿ ಮುಚ್ಚಿದ ಆಸ್ಪತ್ರೆಯನ್ನ ಶ್ರೀಮಂತರ ಫ್ಲ್ಯಾಟ್ ಮಾಡೋ ಕಟ್ಟಡ ಕಾರ್ಮಿಕರ ಕಥೆ. ನಟರಿಗೆ ಕಟ್ಟಡ ಕೆಲಸ ಮಾಡಿ ಗೊತ್ತಿರಬೇಕು ಅನ್ನೋದು ಲೋಚ್ ಅವರ ಷರತ್ತು. ಬರೆದ ಬಿಲ್ ಜೆಸ್ಸಿ ಅದೇ ಕೆಲಸ ಮಾಡಿದವರು, ಸಿನಿಮಾ ಬಿಡುಗಡೆ ಆಗೋ ಮೊದಲೇ ತೀರಿಕೊಂಡರು. ಅದರಲ್ಲಿರೋ ರಿಕಿ ಟಾಮ್ಲಿನ್ಸನ್ ಗೋಡೆಗೆ ಪ್ಲಾಸ್ಟರಿಂಗ್ ಮಾಡ್ತಿದ್ದವರು. 1972ರ ಕಟ್ಟಡ ಕಾರ್ಮಿಕರ ಮುಷ್ಕರದಲ್ಲಿ ಭಾಗವಹಿಸಿದ್ದಕ್ಕೆ ಜೈಲಿಗೆ ಹೋದವರು. ಆ ಶಿಕ್ಷೆ ತಪ್ಪು ಅಂತ ಕೋರ್ಟ್ ರದ್ದು ಮಾಡಿದ್ದು 2021ರಲ್ಲಿ! ಸಿನಿಮಾ ತುಂಬ ಕೀಟಲೆ, ಕಾಲೆಳೆಯೋದು. ನಗ್ತಾ ನಗ್ತಾ ಇರುವಾಗಲೇ ಮೇಲಿಂದ ಒಬ್ಬ ಬೀಳ್ತಾನೆ. ನಕ್ಕಿದ್ದರಿಂದಲೇ ಬಿದ್ದದ್ದು ನೋವಾಗುತ್ತೆ.

ಬೂಮ್_ಹಿಡಿದವ
ಆ ಸಿನಿಮಾ ಅಮೆರಿಕದಲ್ಲಿ ತೋರಿಸುವಾಗ ಇಂಗ್ಲಿಷ್ ಮಾತಿಗೇ ಇಂಗ್ಲಿಷ್ ಸಬ್‌ಟೈಟಲ್ ಹಾಕಿದ್ದರು. ಉಚ್ಚಾರ ಅಷ್ಟು ದಪ್ಪ.

ಪಿಚ್ಚರ್_ಪ್ರೇಮಿ
ಹಾಗಾದ್ರೆ ರಾಯಚೂರು ಮಾತಿನ ಸಿನಿಮಾಗೂ ನಮಗೆ ಕನ್ನಡ ಸಬ್‌ಟೈಟಲ್ ಹಾಕಲಿ. ಕೆಲವು ಮಾತು ನಿಜವಾಗಲೂ ಹಿಡಿಯೋಕೆ ಆಗಲ್ಲ.

ಸಿಂಧನೂರ_ಮಂದಿ
ಬ್ಯಾಡ್ರಿ. ನಾವು ಐವತ್ತು ವರ್ಷ ಮೈಸೂರು ಕನ್ನಡದ ಸಿನಿಮಾ ಸಬ್‌ಟೈಟಲ್ ಇಲ್ಲದ ನೋಡೀವಿ. ನೀವೂ ಎರಡು ಸಿನಿಮಾ ಕಿವಿಗೊಟ್ಟು ಕೇಳ್ರಿ, ಮೂರನೇದಕ್ಕ ತಾನ ತಿಳೀತದ.

ಪಿಚ್ಚರ್_ಪ್ರೇಮಿ
ನ್ಯಾಯವಾದ ಮಾತು. ಒಪ್ಪಿದೆ.

ಮದ್ದೂರು_ವಡೆ
ದೂರ ಯಾಕೆ ಹೋಗ್ಬೇಕು, ನಮ್ಮ ಮಂಡ್ಯದ ನೊದೆಕೊಪ್ಪಲಿನಲ್ಲೇ "ತಿಥಿ" ಮಾಡಲಿಲ್ವಾ? 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು, ಮುಂದಿನ ವರ್ಷ ಇಲ್ಲಿ ಥಿಯೇಟರ್‌ಗೆ ಬಂತು. ಪಾತ್ರ ಮಾಡಿದೋರು ಸುತ್ತಮುತ್ತಲ ಹಳ್ಳಿ ಜನ. ಬರೆದ ಈರೇಗೌಡರಿಗೆ ಆ ಊರು ಅಂಗೈ ಗೆರೆ. ಅದಕ್ಕೇ ಅಲ್ಲಿ ಸಾವೂ ಇದೆ, ಸಾಲವೂ ಇದೆ, ಜಮೀನಿನ ಜಗಳವೂ ಇದೆ, ನಕ್ಕು ನಕ್ಕು ಸಾಕಾಗುತ್ತೆ. ಮೇಲೆ ಬೂಮ್ ಅಣ್ಣ ಹೇಳಿದ್ದು ಅದೇ ಅಲ್ವಾ, ಊಟದ ಹಾಲ್‌ನಲ್ಲಿ ಕೂತವರು ಬರೀಬೇಕು ಅಂತ.

ಇನ್ನೊಂದು "ಶಿವಮ್ಮ ಯರೇಹಂಚಿನಾಳ". ಕೊಪ್ಪಳದ ಕಡೆಯ ಹಳ್ಳಿ, ಶಾಲೆಯಲ್ಲಿ ಬಿಸಿಯೂಟ ಮಾಡೋ ಹೆಂಗಸು. ಹಾಸಿಗೆ ಹಿಡಿದ ಗಂಡನಿಗೆ ಗುಣ ಆಗಲಿ ಅಂತ ಶಕ್ತಿಯ ಪುಡಿ ಮಾರೋ ಚೈನ್ ಬಿಸಿನೆಸ್‌ಗೆ ದುಡ್ಡು ಹಾಕಿ, ಊರೆಲ್ಲ ಸುತ್ತಿ ಅದನ್ನೇ ಮಾರೋಕೆ ಹೋಗ್ತಾಳೆ. ಜೈಶಂಕರ್ ಆರ್ಯರ್ ನಿರ್ದೇಶನ, 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ. ಆಯಮ್ಮ ಹಿಡಿದ ಹಟ ಬಿಡಲ್ಲ. ಬಡವಿ ಅಂತ ಕನಿಕರ ಪಡೋಕೆ ಅವಳೇ ಬಿಡೋದಿಲ್ಲ, ಕೆಲವು ಕಡೆ ನಮಗೇ ಸಿಟ್ಟು ಬರಿಸ್ತಾಳೆ. ಲಗ್ಗೆರೆ ಅಮ್ಮನಿಗೆ ಮೊದಲು ಇದನ್ನೇ ತೋರಿಸಿ. ಇಂಥ ಚೈನ್‌ಗೆ ದುಡ್ಡು ಹಾಕಿ ಕಳ್ಕೊಂಡೋರು ಅವರ ಲೈನಲ್ಲೂ ಇರ್ತಾರೆ.

ಲಗ್ಗೆರೆ_ಹುಡುಗ
ಇದ್ದಾರೆ. ಅಮ್ಮನೇ ಒಂದು ಸಲ 6000 ಹಾಕಿದ್ರು.

ಡೆಲಿವರಿ_ಅಣ್ಣ
ಎಲ್ಲರೂ ಗೆಳೆತನ ಗೆಳೆತನ ಅಂತಿದೀರಿ, ನಾನು ಬೇರೆ ಹೇಳ್ತೀನಿ. ನನ್ನ ಕೆಲಸದಲ್ಲಿ ಲೈನ್ ಇಲ್ಲ, ಊಟದ ಹಾಲ್ ಇಲ್ಲ, ಸೂಪರ್‌ವೈಸರ್ ಕೂಡ ಇಲ್ಲ. ಬೈಯ್ಯೋಕಾದ್ರೂ ಒಬ್ಬ ಮನುಷ್ಯ ಬೇಕಲ್ವಾ, ಅವನೂ ಇಲ್ಲ. ಮೊಬೈಲ್‌ನಲ್ಲಿ ಐಡಿ ಬ್ಲಾಕ್ ಆಗುತ್ತೆ, ಯಾಕೆ ಅಂತ ಕೇಳಿದ್ರೆ ಮೆಸೇಜ್ ಮಾತ್ರ ಬರುತ್ತೆ. ಮಳೆಯಲ್ಲಿ ಬೈಕ್ ಜಾರಿ ಮೊಣಕಾಲು ಒಡೆದಾಗ ನನಗೆ ಮೊದಲು ಬಂದ ಕಾಲ್ ಗಿರಾಕಿಯದ್ದು, ಊಟ ಎಲ್ಲಿ ಅಂತ. ನನ್ನ ಸಿನಿಮಾದಲ್ಲಿ ನಾನು ಒಂಟಿಯಾಗಿದ್ರೆ ಅದು ಸುಳ್ಳಲ್ಲ.

ಟೈನ್_ದಂಡೆ
@ಡೆಲಿವರಿ_ಅಣ್ಣ ಮೊಣಕಾಲು ಈಗ ಹೇಗಿದೆ? ನೀವು ಹೇಳಿದ್ದೇ ಲೋಚ್ ಅವರ 2019ರ "ಸಾರಿ ವಿ ಮಿಸ್ಡ್ ಯೂ". ಅದೂ ನ್ಯೂಕ್ಯಾಸಲ್. ವ್ಯಾನ್‌ನಲ್ಲಿ ಪಾರ್ಸೆಲ್ ಹಂಚೋ ಅಪ್ಪ. ನೀನು ನೌಕರ ಅಲ್ಲ, ನಿನಗೆ ನೀನೇ ಮಾಲೀಕ ಅಂತ ಹೇಳಿ ಸೇರಿಸ್ಕೋತಾರೆ. ರಜೆ ಹಾಕಿದ್ರೆ ದಂಡ. ವ್ಯಾನ್ ಬಿಟ್ಟು ಎರಡು ನಿಮಿಷಕ್ಕಿಂತ ಹೆಚ್ಚು ಆಚೆ ಇದ್ರೆ ಕೈಯಲ್ಲಿರೋ ಸ್ಕ್ಯಾನರ್ ಕೂಗೋಕೆ ಶುರು ಮಾಡುತ್ತೆ. ಅಲ್ಲಿ ಅವನಿಗಿರೋದು ಮನೆಯವರು ಮಾತ್ರ, ಕೆಲಸ ಅವರನ್ನೂ ದೂರ ಮಾಡ್ತಾ ಹೋಗುತ್ತೆ.

ಡೆಲಿವರಿ_ಅಣ್ಣ
ಮೊಣಕಾಲು ಪರವಾಗಿಲ್ಲ ಅಕ್ಕ, ಮೆಟ್ಟಿಲು ಹತ್ತುವಾಗ ನೋವು. ಮೂರನೇ ಮಹಡಿ ಆರ್ಡರ್ ಬಂದ್ರೆ ಗೊತ್ತಾಗುತ್ತೆ.

ಕಾಫಿ_ಕಪ್ಪು
ಇಲ್ಲಿಗೆ ನನ್ನ ಮೊದಲ ಮಾತು ಪೂರ್ತಿ ತಪ್ಪಲ್ಲ ಅಂತಾಯ್ತು. ಲೈನಲ್ಲಿ ಕೂರೋ ಕೆಲಸಕ್ಕೆ ಒಂದು ಸಿನಿಮಾ, ಬೈಕ್ ಮೇಲಿನ ಕೆಲಸಕ್ಕೆ ಇನ್ನೊಂದು. ಒಂಟಿತನ ತೋರಿಸೋದು ತಪ್ಪಲ್ಲ, ಆ ಒಂಟಿತನ ಎಲ್ಲಿಂದ ಬಂತು ಅಂತ ಗೊತ್ತಿಲ್ಲದೆ ಎಲ್ಲರ ಮೇಲೂ ಅದನ್ನೇ ಹೊದಿಸೋದು ತಪ್ಪು.

ಎರಡನೇ_ಶಿಫ್ಟ್
ನನಗೆ ಇನ್ನೊಂದು ಹೇಳಬೇಕು, ಅದು ಹೇಳದೆ ನಿದ್ದೆ ಬರಲ್ಲ. 2016ರ ಏಪ್ರಿಲ್ 18. ಆ ವರ್ಷ ಫೆಬ್ರವರಿಯಲ್ಲಿ ಪಿಎಫ್ ನಿಯಮ ಬದಲಿಸಿದ್ರು, ಕಂಪನಿ ಕಟ್ಟಿದ ಪಾಲು 58 ವರ್ಷ ಆಗೋವರೆಗೂ ತೆಗೆಯೋ ಹಾಗಿಲ್ಲ ಅಂತ. ಗಾರ್ಮೆಂಟ್ಸ್ ಹೆಂಗಸರಿಗೆ ಪಿಎಫ್ ಅಂದ್ರೆ ಏನು ಗೊತ್ತಾ? ಮಗಳ ಮದುವೆ, ಆಪರೇಷನ್, ಬಡ್ಡಿ ಸಾಲ ತೀರಿಸೋದು. ಐದಾರು ವರ್ಷಕ್ಕೊಮ್ಮೆ ಕೆಲಸ ಬಿಟ್ಟು ಆ ದುಡ್ಡು ತಗೊಂಡು ಮತ್ತೆ ಬೇರೆ ಕಡೆ ಸೇರೋರು ಎಷ್ಟೋ ಜನ. 58ರವರೆಗೆ ಯಾರ ಕಣ್ಣು ಆ ಮಶೀನಿನ ಮುಂದೆ ಉಳಿಯುತ್ತೆ?

ಅವತ್ತು ಬೆಳಗ್ಗೆ ಹೊಸೂರು ರೋಡಿಗೆ ಇಳಿದ್ವಿ. ಒಂದು ಫ್ಯಾಕ್ಟರಿ ಇಳೀತು, ನೋಡಿ ಪಕ್ಕದ್ದು ಇಳೀತು, ಮಧ್ಯಾಹ್ನದ ಹೊತ್ತಿಗೆ ರೋಡೇ ಕಾಣ್ತಿರಲಿಲ್ಲ. ಯಾವ ಲೀಡರೂ ಕರೆದಿರಲಿಲ್ಲ. ಮಾರನೇ ದಿನ ಪೀಣ್ಯ, ಜಾಲಹಳ್ಳಿ ಕಡೆ ಇನ್ನೂ ಜೋರಾಯ್ತು. ಲಾಠಿ ಬಿತ್ತು, ಅಶ್ರುವಾಯು ಹಾಕಿದ್ರು, ಬಸ್ಸು ಸುಟ್ಟವು. 19ನೇ ತಾರೀಕು ಸಂಜೆಗೆ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಳ್ತು. ಎರಡೇ ದಿನ!

ಪೇಪರ್‌ನೋರು "ದಿಢೀರ್ ಪ್ರತಿಭಟನೆ" ಅಂತ ಬರೆದ್ರು. ದಿಢೀರ್ ಅಲ್ಲ. ವಾರಗಟ್ಟಲೆ ಊಟದ ಹಾಲ್‌ನಲ್ಲಿ, ಬಸ್‌ಸ್ಟಾಪಿನಲ್ಲಿ, ಬಾತ್‌ರೂಮ್ ಸಾಲಲ್ಲಿ ಅದೇ ಮಾತು. ಯಾರೋ ಒಬ್ಬಳ ಗಂಡನಿಗೆ ಗೊತ್ತಿತ್ತು, ಅವಳು ಎಲ್ಲರಿಗೂ ಬಿಡಿಸಿ ಹೇಳಿದ್ಲು. ನೀವು ಸಿನಿಮಾದಲ್ಲಿ ಗೆಳತಿಯರನ್ನ ತೆಗೆದು ಹಾಕಿದ್ರೆ ಆ ಎರಡು ದಿನ ನಿಮ್ಮ ಕಥೆಯಲ್ಲಿ ಯಾವತ್ತೂ ಬರೋಕೆ ಸಾಧ್ಯವೇ ಇಲ್ಲ.

ಬೂಮ್_ಹಿಡಿದವ
ಅಕ್ಕ, ಇದು ಯಾರಾದರೂ ಬರೆದ್ರೆ ನಾನು ಸಂಬಳ ಇಲ್ಲದೆ ಬೂಮ್ ಹಿಡೀತೀನಿ.

ಎರಡನೇ_ಶಿಫ್ಟ್
ಸಂಬಳ ತಗೊಳ್ಳಿ ಅಣ್ಣ. ಕೂಲಿ ಬಿಟ್ಟು ಕೆಲಸ ಮಾಡೋ ಮಾತು ನನ್ನ ಮುಂದೆ ಬೇಡ.

ಸಾಗರದ_ಕಡೆ
ಕೂಲಿಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ. 1948ರ ಇಟಲಿಯ ಸಿನಿಮಾ "ಬೈಸಿಕಲ್ ಥೀವ್ಸ್" ಬಗ್ಗೆ ಎಲ್ಲರೂ ಕೇಳಿರುತ್ತೀರಿ. ಸೈಕಲ್ ಕಳೆದುಕೊಳ್ಳುವ ಆ ತಂದೆಯ ಪಾತ್ರ ಮಾಡಿದ ಲ್ಯಾಂಬರ್ಟೊ ಮಜೊರಾನಿ ನಿಜವಾಗಿಯೂ ರೋಮ್‌ನ ಒಂದು ಕಾರ್ಖಾನೆಯ ಕಾರ್ಮಿಕ. ಸಿನಿಮಾ ಜಗತ್ತೆಲ್ಲ ಸುತ್ತಿತು. ಆತ ಕಾರ್ಖಾನೆಗೆ ವಾಪಸ್ ಹೋದ, ಸ್ವಲ್ಪ ಕಾಲಕ್ಕೆ ಅಲ್ಲಿ ಜನರನ್ನು ತೆಗೆದಾಗ ಆತನ ಕೆಲಸವೂ ಹೋಯಿತು. ಸಿನಿಮಾದಲ್ಲಿ ದುಡ್ಡು ಮಾಡಿದ್ದಾನೆ ಎಂದು ಜೊತೆಯವರು ತಿಳಿದಿದ್ದರು. ಪರದೆಯ ಮೇಲಿನ ಕಥೆಯೇ ಮನೆಗೆ ಬಂತು. ದುಡಿಯುವವರನ್ನೇ ನಟರಾಗಿ ಕರೆತರುವವರು ಸಿನಿಮಾ ಮುಗಿದ ಮಾರನೇ ವರ್ಷದ ಬಗ್ಗೆಯೂ ಯೋಚಿಸಬೇಕು.

ಇನ್ನು ಯಾರು ನೋಡಬೇಕು ಎಂಬ ಪ್ರಶ್ನೆ. ನನ್ನ ಬಾಲ್ಯದಲ್ಲಿ ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್‌ನವರು ಜಗತ್ತಿನ ಸಿನಿಮಾಗಳನ್ನು ಹಳ್ಳಿಯ ಜನರಿಗೆ ತೋರಿಸುತ್ತಿದ್ದರು. ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ನಮ್ಮೂರಲ್ಲಿ ಹಬ್ಬ. ಅಡಿಕೆ ಸುಲಿಯುವ ಕೈಗಳು ಜಪಾನಿನ ಸಿನಿಮಾ ನೋಡಿವೆ. ನನ್ನ ತಾಯಿ ಆ ಇಟಲಿಯ ತಂದೆ ಮಗನನ್ನು ನೋಡಿ ಬಂದು ಮೂರು ದಿನ ಸೈಕಲ್ಲಿಗೆ ಬೀಗ ಹಾಕಿದ್ದೀಯಾ ಎಂದು ನನ್ನ ತಂದೆಯನ್ನು ಕೇಳುತ್ತಿದ್ದರು. ಭಾಷೆ ತಿಳಿಯದಿದ್ದುದು ಅಡ್ಡಿಯಾಗಲಿಲ್ಲ, ಮೊದಲೇ ಯಾರಾದರೂ ಕನ್ನಡದಲ್ಲಿ ಕಥೆ ಹೇಳಿರುತ್ತಿದ್ದರು.

ದುಡ್ಡಿನ ವಿಷಯಕ್ಕೂ ದಾರಿ ಇತ್ತು. ಹಾಲಿನ ಸಹಕಾರ ಸಂಘದ ಕಥೆಯ 1976ರ ಹಿಂದಿ ಸಿನಿಮಾ "ಮಂಥನ್"ಗೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿದರು. ನಮ್ಮ ಗಿರೀಶ ಕಾರ್ನಾಡ, ಅನಂತನಾಗ್ ಇಬ್ಬರೂ ಅದರಲ್ಲಿದ್ದಾರೆ. ತಮ್ಮ ಸಿನಿಮಾ ನೋಡಲು ಆ ರೈತರು ಲಾರಿ ಹತ್ತಿ ಬಂದರು.

ಎರಡನೇ_ಶಿಫ್ಟ್
5 ಲಕ್ಷ ಜನ, 2 ರೂಪಾಯಿ! ನಮ್ಮ ಚೀಟಿಗಿಂತ ಸುಲಭ.

ಪಿಚ್ಚರ್_ಪ್ರೇಮಿ
ನೋಡೋದರ ಬಗ್ಗೆ ಅಂದ್ರೆ ಟಿಕೆಟ್ ರೇಟ್ ಮಾತಾಡಿ. ಮಲ್ಟಿಪ್ಲೆಕ್ಸ್‌ನಲ್ಲಿ ಇಂಥ ಸಿನಿಮಾಗೆ ಬೆಳಗ್ಗೆ ಹತ್ತರ ಒಂದೇ ಶೋ ಕೊಡ್ತಾರೆ. ದುಡಿಯೋರು ಆ ಹೊತ್ತಲ್ಲಿ ಎಲ್ಲಿರ್ತಾರೆ? 2025ರಲ್ಲಿ ಸರ್ಕಾರ 200 ರೂಪಾಯಿ ಮಿತಿ ಅಂತ ಆದೇಶ ಮಾಡಿತು, ಹೈಕೋರ್ಟ್ ತಡೆ ಕೊಟ್ಟಿತು. 200 ಆದ್ರೂ ನಾಲ್ಕು ಜನರ ಮನೆಗೆ 800, ಬಸ್ ಚಾರ್ಜ್ ಬೇರೆ.

ಡೆಲಿವರಿ_ಅಣ್ಣ
800 ಅಂದ್ರೆ ನನಗೆ ಒಂದು ದಿನ ಪೂರ್ತಿ ಗಾಡಿ ಓಡಿಸಬೇಕು, ಪೆಟ್ರೋಲ್ ಕಳೆದು.

ಬೂಮ್_ಹಿಡಿದವ
ಸುಮ್ಮನೆ ಮಾತಾಡೋದಕ್ಕಿಂತ ಒಂದು ಕೆಲಸ ಮಾಡೋಣ. ಲಗ್ಗೆರೆ ಕಡೆ ಒಂದು ಹಾಲ್ ಸಿಕ್ಕಿದ್ರೆ ಪ್ರೊಜೆಕ್ಟರ್, ಸ್ಪೀಕರ್ ನಾನು ತರ್ತೀನಿ. ಸಿನಿಮಾದವರ ಅನುಮತಿ ಕೇಳೋಣ, ಸುಮ್ಮನೆ ಡೌನ್‌ಲೋಡ್ ಮಾಡಿ ಹಾಕೋದು ಬೇಡ, ಅದೂ ದುಡಿದವರ ಕೂಲಿಯೇ. "ಶಿವಮ್ಮ" ಸಿಕ್ಕಿದ್ರೆ ಅದು, ಇಲ್ಲಾ "ಫೋಟೋ". ಭಾನುವಾರ ಬೆಳಗ್ಗೆ 11ಕ್ಕೆ?

ಸಿಂಧನೂರ_ಮಂದಿ
ನಮ್ಮ ಶೆಡ್ಡಿನ ಮಂದಿನೂ ಕರ್ಕೊಂಡು ಬರ್ತೀನಿ. ಹದಿನೈದು ಆಗ್ತಾರ.

ಲಗ್ಗೆರೆ_ಹುಡುಗ
ಇಷ್ಟೆಲ್ಲ ಬರೀತೀರಿ ಅಂತ ಅಂದುಕೊಂಡಿರಲಿಲ್ಲ. ರಾತ್ರಿ ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಬಸುರಿಯ ಪೀಸ್ ಹೊಲಿದು ಕೊಟ್ಟ ವಿಷಯಕ್ಕೆ "ಎಲ್ಲಾ ಕಡೆ ಹಂಗೇ" ಅಂದ್ರು. 2016ರ ವಿಷಯ ಬಂದಾಗ ಎದ್ದು ಕೂತ್ರು. 19ನೇ ತಾರೀಕು ಜಾಲಹಳ್ಳಿ ಕ್ರಾಸ್‌ನಲ್ಲಿ ಅವರೂ ಇದ್ದರಂತೆ! ನಾನು ಆಗ ಹೈಸ್ಕೂಲು, ಅವತ್ತು ಅಮ್ಮ ಒಂದು ಕಾಲಲ್ಲಿ ಚಪ್ಪಲಿ ಇಲ್ಲದೆ ಮನೆಗೆ ಬಂದಿದ್ದು ನೆನಪಿದೆ. ಬಸ್ಸಲ್ಲಿ ಕಳೆದು ಹೋಯ್ತು ಅಂದಿದ್ರು. ಹತ್ತು ವರ್ಷ ಹತ್ತಿರ ಆಯ್ತು, ನಿನ್ನೆ ರಾತ್ರಿ ನಿಜ ಗೊತ್ತಾಯ್ತು. ಲಾಠಿ ಬೀಸಿದಾಗ ಓಡುವಾಗ ಹೋಗಿದ್ದಂತೆ. ಪಕ್ಕದ ಫ್ಯಾಕ್ಟರಿಯ ಯಾರೋ ಒಬ್ಬಳು ಕೈ ಹಿಡಿದು ಅಂಗಡಿ ಒಳಗೆ ಎಳ್ಕೊಂಡಳಂತೆ, ಅವಳ ಹೆಸರು ಅಮ್ಮನಿಗೆ ಈಗಲೂ ಗೊತ್ತಿಲ್ಲ.

ಹಾಲ್ ಕೇಳ್ತೀನಿ, ಗಣೇಶನ ಹಬ್ಬದ ಕಮಿಟಿಯವರದ್ದು ಒಂದಿದೆ. ಆದರೆ ಭಾನುವಾರ ಬೆಳಗ್ಗೆ ಬೇಡ ಅಂತಿದಾರೆ ಅಮ್ಮ. ಭಾನುವಾರ ಬೆಳಗ್ಗೆ ನೀರು ಬಿಡೋದು, ವಾರದ ಬಟ್ಟೆ ಒಗೆಯೋದು, ತಲೆಗೆ ಸ್ನಾನ. ಮಧ್ಯಾಹ್ನ ಮೂರರ ಮೇಲೆ ಇಟ್ಟರೆ ಇಡೀ ಲೈನ್ ಬರುತ್ತೆ ಅಂದ್ರು.

ಬೂಮ್_ಹಿಡಿದವ
ಮೂರೂವರೆ ಮಾಡೋಣ. ಕಿಟಕಿಗೆ ಹಾಕೋಕೆ ಕಪ್ಪು ಬಟ್ಟೆ ಬೇಕು, ಆ ಹೊತ್ತಲ್ಲಿ ಬಿಸಿಲು ಇರುತ್ತೆ.

ಲಗ್ಗೆರೆ_ಹುಡುಗ
ಬಟ್ಟೆ ಚಿಂತೆ ಬಿಡಿ ಅಂತ ಅಮ್ಮ ಹೇಳ್ತಿದಾರೆ, ಅಳತೆ ಕೊಡಿ ಸಾಕಂತೆ. ಪಕ್ಕದ ಮನೆಯವರು ಕೇಳ್ತಿದಾರೆ, ಚಿಕ್ಕ ಮಕ್ಕಳನ್ನ ಕರ್ಕೊಂಡು ಬರಬಹುದಾ?

ಎರಡನೇ_ಶಿಫ್ಟ್
ಬರಲಿ. ಹಿಂದುಗಡೆ ಚಾಪೆ ಹಾಸಿಡಿ, ನಾನು ನೋಡ್ಕೋತೀನಿ.